ನೆಲ ಸಂಘದ್ದು, ಡೇರೆ ಬೇಸಿಗೆಯದ್ದು: ಓಷನ್ ಗ್ರೋವ್ ಕುಟುಂಬ ಶಿಬಿರದ ಪ್ರಕರಣ

ನಮ್ಮ ಕ್ರೈಸ್ತ ಸಭೆಗಳ ಕುಟುಂಬ ಶಿಬಿರದ ಪ್ರಕಟಣೆಯ ಕೊನೆಯಲ್ಲಿ ಒಂದು ಸಾಲು ಇದ್ದೇ ಇರುತ್ತದೆ: ಹೊದಿಕೆ, ತಟ್ಟೆ, ಲೋಟ ಮತ್ತು ಸತ್ಯವೇದವನ್ನು ತಪ್ಪದೆ ತರತಕ್ಕದ್ದು. ಮೂರು ದಿನ ಬೆಳಿಗ್ಗೆ ಧ್ಯಾನ, ಮಧ್ಯಾಹ್ನ ಮಕ್ಕಳ ಆಟ, ರಾತ್ರಿ ಸಾಕ್ಷಿ ಕೂಟ. ನಾಲ್ಕನೆಯ ದಿನ ಬಸ್ಸು ಬಂದು ನಿಲ್ಲುತ್ತದೆ, ಜಮಖಾನ ಸುತ್ತಿಟ್ಟು ಎಲ್ಲರೂ ಹೊರಡುತ್ತಾರೆ. ಶಿಬಿರ ಎಂದ ಮೇಲೆ ಮುಗಿಯಲೇಬೇಕು. ಜಾತ್ರೆ ಮುಗಿದ ಮೇಲೆ ಬಯಲಿನಲ್ಲಿ ಗೂಟದ ಗುಳಿಗಳಷ್ಟೇ ಉಳಿಯುವ ಹಾಗೆ.

ಅಮೆರಿಕದ ನ್ಯೂಜೆರ್ಸಿ ರಾಜ್ಯದ ಕಡಲ ದಂಡೆಯಲ್ಲಿ 1869ರಲ್ಲಿ ಹೂಡಿದ ಒಂದು ಶಿಬಿರ ಹಾಗೆ ಮುಗಿಯಲಿಲ್ಲ. ಅದು ಬೆಳೆದು ಊರಾಯಿತು. ಅಂಚೆ ಕಚೇರಿ, ಹೋಟೆಲು, ಪೊಲೀಸು, ನ್ಯಾಯಾಲಯ ಎಲ್ಲವೂ ಬಂದವು. ಆಮೇಲೆ ಪೊಲೀಸು, ನ್ಯಾಯಾಲಯ ಹೋದವು. ಆದರೆ ಊರಿನ ನಟ್ಟನಡುವೆ 114 ಡೇರೆಗಳು ಇಂದಿಗೂ ಪ್ರತಿ ಬೇಸಿಗೆಯಲ್ಲಿ ಮೇಲೇಳುತ್ತವೆ, ಅವುಗಳಲ್ಲಿ ಸಂಸಾರಗಳು ವಾಸ ಮಾಡುತ್ತವೆ. ಓಷನ್ ಗ್ರೋವ್ ಎಂಬ ಈ ಜಾಗವನ್ನು ಪ್ರಕರಣವಾಗಿ ಎತ್ತಿಕೊಳ್ಳಲು ಕಾರಣವಿದೆ. ಅಲ್ಲಿನ ಒಳ್ಳೆಯ ವ್ಯವಸ್ಥೆಗಳ ಬುಡ ಹುಡುಕುತ್ತ ಹೋದರೂ, ದೊಡ್ಡ ಜಗಳಗಳ ಬುಡ ಹುಡುಕುತ್ತ ಹೋದರೂ ಕಾಲು ಬಂದು ನಿಲ್ಲುವುದು ಒಂದೇ ತೀರ್ಮಾನದ ಮುಂದೆ: ನೆಲವನ್ನು ಯಾರಿಗೂ ಮಾರಬಾರದು.

ಮರಳಿನ ಮೇಲೆ ಮೊದಲ ಪ್ರಾರ್ಥನೆ

ಅಮೆರಿಕದಲ್ಲಿ ಬಯಲಿನ ಉಜ್ಜೀವನ ಕೂಟಗಳಿಗೆ ಆಗಲೇ ಎರಡು ತಲೆಮಾರಿನ ಚರಿತ್ರೆಯಿತ್ತು. 1801ರ ಆಗಸ್ಟ್‌ನಲ್ಲಿ ಕೆಂಟಕಿಯ ಕೇನ್ ರಿಡ್ಜ್‌ನಲ್ಲಿ ಸಾವಿರಾರು ಜನ ಬಂಡಿ ಕಟ್ಟಿಕೊಂಡು ಬಂದು ದಿನಗಟ್ಟಲೆ ಬೀಡುಬಿಟ್ಟಿದ್ದರು. ಹೊಲಮನೆಗಳು ಮೈಲಿಗಟ್ಟಲೆ ದೂರ. ಕುದುರೆಯೇರಿ ಊರಿಂದೂರಿಗೆ ಸುತ್ತುವ ಬೋಧಕರು ತಿಂಗಳಿಗೊಮ್ಮೆ ಕಂಡರೆ ಕಂಡರು. ಹಾಗಾಗಿ ಬೆಳೆಯ ಕೆಲಸ ಹಗುರವಾದಾಗ ಹೆಂಡತಿ ಮಕ್ಕಳು, ಹಾಸಿಗೆ, ಹಿಟ್ಟಿನ ಚೀಲ ಸಮೇತ ಇಡೀ ಮನೆ ಹೊರಡುತ್ತಿತ್ತು. ಕುಟುಂಬ ಶಿಬಿರ ಎಂಬ ಕಲ್ಪನೆ ಯಾರೂ ಸಮಿತಿ ಮಾಡಿ ಹುಟ್ಟಿಸಿದ್ದಲ್ಲ. ಮನೆಯಲ್ಲಿ ಮಕ್ಕಳನ್ನು ನೋಡಿಕೊಳ್ಳಲು ಯಾರೂ ಇಲ್ಲದ್ದರಿಂದ ಹುಟ್ಟಿತು.

ಅಂತರ್ಯುದ್ಧ ಮುಗಿದ ಮೇಲೆ, ಪ್ರೊಟೆಸ್ಟೆಂಟ್ ಕ್ರೈಸ್ತರ ಒಂದು ಪಂಗಡವಾದ ಮೆಥಡಿಸ್ಟರಲ್ಲಿ ಪರಿಶುದ್ಧ ಜೀವನದ ಬೋಧನೆಗೆ ಹೊಸ ಕಾವು ಬಂತು. 1867ರಲ್ಲಿ ನ್ಯೂಜೆರ್ಸಿಯ ವೈನ್‌ಲ್ಯಾಂಡ್‌ನಲ್ಲಿ ನಡೆದ ದೊಡ್ಡ ಕೂಟದ ಹಿಂದೆ ಓಡಾಡಿದವರಲ್ಲಿ ವಿಲಿಯಂ ಬಿ. ಆಸ್ಬಾರ್ನ್ ಎಂಬ ಸಭಾಪಾಲಕರು ಮುಖ್ಯರು. ಅವರ ತಲೆಯಲ್ಲಿ ಇನ್ನೊಂದು ಯೋಚನೆ ಹೊಕ್ಕಿತ್ತು: ಸಮುದ್ರದ ಗಾಳಿಯಲ್ಲಿ ದೇಹಕ್ಕೂ ವಿಶ್ರಾಂತಿ, ಆತ್ಮಕ್ಕೂ ಆಹಾರ. ಅದಕ್ಕಾಗಿ ಅವರು ಕರಾವಳಿಯುದ್ದಕ್ಕೂ ಜಾಗ ಹುಡುಕಿದರು. ಈ ದಂಡೆಯನ್ನು ಆರಿಸಿಕೊಂಡದ್ದು ಇಲ್ಲಿ ಸೊಳ್ಳೆ ಇರಲಿಲ್ಲವೆಂಬ ಕಾರಣಕ್ಕೆ ಎಂದು ಊರಿನವರು ಇವತ್ತಿಗೂ ಹೇಳುತ್ತಾರೆ. ಡೇರೆಯಲ್ಲಿ ಒಂದು ರಾತ್ರಿ ಕಳೆದವರಿಗೆ ಇದು ಎಷ್ಟು ಗಂಭೀರವಾದ ದೇವಶಾಸ್ತ್ರೀಯ ಕಾರಣವೆಂದು ವಿವರಿಸಬೇಕಾಗಿಲ್ಲ.

1869ರ ಜುಲೈ 31ರ ಸಂಜೆ, ಥಾರ್ನ್‌ಲಿ ದಂಪತಿಯ ಡೇರೆಯಲ್ಲಿ ಇಪ್ಪತ್ತರಷ್ಟು ಜನ ಮೇಣದಬತ್ತಿಯ ಬೆಳಕಿನಲ್ಲಿ ಸೇರಿ ಪ್ರಾರ್ಥನೆ ಮಾಡಿದರು. ಎಲ್‌ವುಡ್ ಸ್ಟೋಕ್ಸ್ ಎಂಬ ಬೋಧಕರು ಆದಿಕಾಂಡದ ಮೊದಲ ಮಾತನ್ನೇ ಆರಂಭದ ಮಾತಾಗಿ ತೆಗೆದುಕೊಂಡರು: ಆದಿಯಲ್ಲಿ ದೇವರು. ಈ ಸ್ಟೋಕ್ಸ್ ಮುಂದೆ ಶಿಬಿರವನ್ನು ನಡೆಸುವ ಸಂಘದ ಮೊದಲ ಅಧ್ಯಕ್ಷರಾಗಿ 1897ರಲ್ಲಿ ಸಾಯುವವರೆಗೂ ಆ ಕುರ್ಚಿಯಲ್ಲಿದ್ದರು. ಆಸ್ಬಾರ್ನ್ ಹಾಗೆ ಒಂದು ಕಡೆ ನಿಲ್ಲುವ ಜೀವವಲ್ಲ. 1870ರ ದಶಕದಲ್ಲಿ ಅವರು ಮಿಷನರಿಯಾಗಿ ಭಾರತಕ್ಕೆ ಬಂದರು. ಅದೇ ದಶಕದ ಅದೇ ಮೆಥಡಿಸ್ಟ್ ಅಲೆಯಲ್ಲಿ ವಿಲಿಯಂ ಟೇಲರ್ ಎಂಬ ಸುವಾರ್ತಿಕರು ಬೆಂಗಳೂರಿನಲ್ಲೂ ಕೂಟ ನಡೆಸಿದರು; 1880ರಲ್ಲಿ ಆರಂಭವಾದ ಬೆಂಗಳೂರಿನ ಬಾಲ್ಡ್ವಿನ್ ಶಾಲೆಯ ಬೇರು ಅಲ್ಲಿದೆ. ರಿಚ್ಮಂಡ್ ಟೌನಿನಲ್ಲಿ ಓಡಾಡುವವರಿಗೆ ನ್ಯೂಜೆರ್ಸಿಯ ಈ ಕಡಲ ದಂಡೆ ತೋರುವಷ್ಟು ದೂರದ್ದಲ್ಲ.

ಸನ್ನದು, ಗುತ್ತಿಗೆ, ಹತ್ತೂವರೆ ಡಾಲರ್

1870ರ ಮಾರ್ಚ್ 3ರಂದು ನ್ಯೂಜೆರ್ಸಿ ಶಾಸನಸಭೆ 'ಓಷನ್ ಗ್ರೋವ್ ಕ್ಯಾಂಪ್ ಮೀಟಿಂಗ್ ಅಸೋಸಿಯೇಷನ್' ಎಂಬ ಸಂಘಕ್ಕೆ ಸನ್ನದು ಕೊಟ್ಟಿತು. ಟ್ರಸ್ಟಿಗಳು 26 ಮಂದಿ: 13 ಬೋಧಕರು, 13 ಸಾಮಾನ್ಯ ಸಭಿಕರು, ಎಲ್ಲರೂ ಮೆಥಡಿಸ್ಟರು. ಜಮೀನು ಕೊಳ್ಳುವುದು, ರಸ್ತೆ ಹಾಕುವುದು, ನೀರು ದೀಪ ಒದಗಿಸುವುದು ಇವೆಲ್ಲ ಇಂಥ ಸಂಘಕ್ಕೆ ಸಹಜವಾದ ಅಧಿಕಾರಗಳು. ಜೊತೆಗೆ ಆವರಣದಲ್ಲಿ ಶಿಸ್ತು ಕಾಪಾಡಲು ನಿಯಮ ಮಾಡುವ, ಕಾವಲುಗಾರರನ್ನು ನೇಮಿಸುವ ಅಧಿಕಾರವೂ ಬಂತು. ಕೂಟ ನಡೆಯುವ ಬಯಲಿಗೆ ಕುಡುಕರು ನುಗ್ಗಿ ಗಲಾಟೆ ಮಾಡುತ್ತಿದ್ದ ಕಾಲದಲ್ಲಿ ಅದು ದೊಡ್ಡ ಮಾತೆನಿಸಿರಲಿಕ್ಕಿಲ್ಲ. ನೂರೊಂಬತ್ತು ವರ್ಷಗಳ ನಂತರ ರಾಜ್ಯದ ಸುಪ್ರೀಂ ಕೋರ್ಟು ಎತ್ತಿ ಹಿಡಿದು ನೋಡಿದ್ದು ಈ ಅಧಿಕಾರವನ್ನೇ.

ನಿವೇಶನಗಳನ್ನು ಹಂಚುವಾಗ ಸಂಘ ಕ್ರಯಪತ್ರ ಮಾಡಿಕೊಡಲಿಲ್ಲ. 99 ವರ್ಷಗಳ ಗುತ್ತಿಗೆ, ಮುಗಿದ ಮೇಲೆ ನವೀಕರಣ. ಮನೆ ನಿಮ್ಮದು, ಅದನ್ನು ಮಾರಬಹುದು, ಮಕ್ಕಳಿಗೆ ಬಿಡಬಹುದು. ಅದರ ಕೆಳಗಿನ ನೆಲ ಸಂಘದ್ದು. ನೆಲಬಾಡಿಗೆ ವರ್ಷಕ್ಕೆ ಹತ್ತೂವರೆ ಡಾಲರ್. ಗುತ್ತಿಗೆಯ ಕರಾರಿನಲ್ಲಿ ಮದ್ಯ ಮಾರುವಂತಿಲ್ಲ ಎಂಬ ಷರತ್ತೂ ಇತ್ತು, ಇಂದಿಗೂ ಅಲ್ಲಿ ಮದ್ಯದಂಗಡಿ ಇಲ್ಲ. ಗುತ್ತಿಗೆಯ ಗುಣ ನಮಗೆ ಗೊತ್ತಿರುವುದೇ: ಕೊಟ್ಟವನು ಷರತ್ತು ಹಾಕಬಹುದು, ಮತ್ತು ಆ ಷರತ್ತು ಮನೆ ಕೈಬದಲಾದರೂ ನೆಲದ ಜೊತೆಯೇ ಸಾಗುತ್ತದೆ.

ಈ ಉಪಾಯ ಎಷ್ಟು ಕೆಲಸ ಮಾಡಿತೆಂದು ತಿಳಿಯಲು ಪಕ್ಕದ ಊರನ್ನು ನೋಡಿದರೆ ಸಾಕು. ಓಷನ್ ಗ್ರೋವಿನಲ್ಲಿ ಮೊದಲು ನಿವೇಶನ ಹಿಡಿದವರಲ್ಲಿ ಜೇಮ್ಸ್ ಬ್ರಾಡ್ಲಿ ಎಂಬ ನ್ಯೂಯಾರ್ಕಿನ ಬ್ರಷ್ ತಯಾರಕನಿದ್ದ. ಜಾಗ ಅವನಿಗೆ ಎಷ್ಟು ಹಿಡಿಸಿತೆಂದರೆ 1871ರಲ್ಲಿ ಉತ್ತರದ ಕಡೆ 500 ಎಕರೆ ಕೊಂಡು, ಮೆಥಡಿಸ್ಟ್ ಬಿಷಪ್ ಫ್ರಾನ್ಸಿಸ್ ಆಸ್ಬರಿಯ ಹೆಸರಿಟ್ಟು ಆಸ್ಬರಿ ಪಾರ್ಕ್ ಕಟ್ಟಿದ. ಅವನೂ ಭಕ್ತ, ಅವನೂ ಮದ್ಯದ ವಿರೋಧಿ. ಆದರೆ ನಿವೇಶನಗಳನ್ನು ಮಾರಿದ. ಒಬ್ಬ ಮನುಷ್ಯನ ಕಣ್ಗಾವಲು ಅವನ ಆಯುಷ್ಯದಷ್ಟೇ. ಮುಂದಿನ ಶತಮಾನದಲ್ಲಿ ಆಸ್ಬರಿ ಪಾರ್ಕ್ ಮೋಜಿನ ಊರಾಯಿತು, ಏರಿತು, ಬಿದ್ದಿತು, ಈಗ ಮತ್ತೆ ಏರುತ್ತಿದೆ. ಎರಡರ ನಡುವೆ ಇರುವುದು ವೆಸ್ಲಿ ಕೆರೆ ಎಂಬ ಸಣ್ಣ ನೀರು. ಈ ದಡದಲ್ಲಿ ಕೀರ್ತನೆ, ಆ ದಡದಲ್ಲಿ ರಂಗುರಾಟೆ.

ಬಿಡಾರದ ಒಳಗೆ

ಸೌಕರ್ಯಗಳ ಮಾತಿಗೆ ಬಂದರೆ ಮೊದಲು ನಿಲ್ಲಬೇಕಾದದ್ದು ಡೇರೆಗಳ ಮುಂದೆ. ದೊಡ್ಡ ಸಭಾಂಗಣವನ್ನು ಅರೆಸುತ್ತು ಬಳಸಿಕೊಂಡು ಸಾಲುಸಾಲಾಗಿ ಇವು ನಿಂತಿವೆ. ಹತ್ತೊಂಬತ್ತನೆಯ ಶತಮಾನದಲ್ಲಿ ನೂರಾರು ಇದ್ದವು; ಉಳಿದದ್ದು 114. ಒಂದರಿಂದೊಂದಕ್ಕೆ ಇರುವ ಸಂದು ಎಷ್ಟು ಕಿರಿದೆಂದರೆ ಪಕ್ಕದ ಡೇರೆಯವರು ಸೀನಿದರೆ ಈ ಡೇರೆಯಿಂದ ಆಶೀರ್ವಾದ ಹೇಳಬಹುದು.

ಡೇರೆ ಎಂದಾಗ ನಮ್ಮ ಕಣ್ಣಿಗೆ ಬರುವ ಮಣ್ಣಿನ ನೆಲ, ಸೊಂಟ ಬಗ್ಗಿಸಿ ನುಗ್ಗುವ ಬಾಗಿಲು ಇಲ್ಲಿಲ್ಲ. ಮುಂದೆ ಮರದ ಜಗಲಿ. ಅದರ ಮೇಲೆ ಪಟ್ಟೆಪಟ್ಟೆ ಬಟ್ಟೆಯ ಇಳಿಮಾಡು, ಒಂದೆರಡು ತೂಗುಕುರ್ಚಿ, ಹೂವಿನ ಕುಂಡಗಳು. ಜಗಲಿ ದಾಟಿದರೆ ಹಲಗೆಯ ನೆಲದ ಮೇಲೆ ಕ್ಯಾನ್ವಾಸ್ ಗೋಡೆಗಳ ಕೋಣೆ: ಮಂಚ, ಕಪಾಟು, ದೀಪ, ಪರದೆ ಕಟ್ಟಿ ಮಾಡಿಕೊಂಡ ಮಲಗುವ ಜಾಗ. ಹಿಂಭಾಗದಲ್ಲಿ ಕ್ಯಾನ್ವಾಸ್ ಮುಗಿದು ಮರದ ಗೂಡೊಂದು ಶುರುವಾಗುತ್ತದೆ. ಅಡುಗೆ ಒಲೆ, ಬಚ್ಚಲು, ಶೌಚಾಲಯ ಎಲ್ಲ ಅದರೊಳಗೆ. ಈ ಗೂಡಿನಲ್ಲೇ ಇಡೀ ಏರ್ಪಾಡಿನ ಜಾಣ್ಮೆ ಅಡಗಿದೆ. ಮೇ ಮಧ್ಯದಿಂದ ಸೆಪ್ಟೆಂಬರ್ ಮಧ್ಯದವರೆಗೆ ಅದು ಅಡುಗೆಮನೆ. ಉಳಿದ ಎಂಟು ತಿಂಗಳು ಉಗ್ರಾಣ. ಮಡಿಸಿದ ಕ್ಯಾನ್ವಾಸು, ಮಂಚ, ಕುರ್ಚಿ ಎಲ್ಲವನ್ನೂ ತಾನೇ ನುಂಗಿಕೊಂಡು ಚಳಿಗಾಲ ಕಳೆಯುತ್ತದೆ. ಹಾಗಾಗಿ ಫೆಬ್ರುವರಿಯಲ್ಲಿ ಹೋದವರಿಗೆ ಕಾಣುವುದು ಖಾಲಿ ಹಲಗೆ ಜಗಲಿಗಳು ಮತ್ತು ಅವುಗಳ ಬೆನ್ನಿಗೆ ನಿಂತ ಪುಟ್ಟ ಪುಟ್ಟ ಪೆಟ್ಟಿಗೆಮನೆಗಳು.

ಡೇರೆಗಳು ಮಾರಾಟಕ್ಕಿಲ್ಲ. ಸಂಘ ಅವನ್ನು ಬೇಸಿಗೆಯ ಲೆಕ್ಕದಲ್ಲಿ ಬಾಡಿಗೆಗೆ ಕೊಡುತ್ತದೆ, ಹಳೆಯ ಬಾಡಿಗೆದಾರರಿಗೆ ಮರುವರ್ಷವೂ ಅದೇ ಡೇರೆ. ಅಜ್ಜಿ ಬಂದ ಡೇರೆಗೇ ಮರಿಮಕ್ಕಳು ಬರುವ ಕುಟುಂಬಗಳಿವೆ. ಹೊಸಬರು ಹೆಸರು ಬರೆಸಿ ಹತ್ತು ವರ್ಷಕ್ಕೂ ಮೇಲೆ ಕಾಯಬೇಕು. ಮಗು ಹುಟ್ಟಿದ ವರ್ಷ ಬರೆಸಿದರೆ ಅದು ಹೈಸ್ಕೂಲು ಸೇರುವಾಗ ಸರದಿ ಬಂದೀತು. ಬೇಕೆಂದು ಬಂದವರೆಲ್ಲ ಬಟ್ಟೆಯ ಗೋಡೆಗೆ ಈ ಪರಿ ಕಾಯುತ್ತಿದ್ದಾರೆ ಎನ್ನುವುದನ್ನು ಶಿಬಿರ ನಡೆಸುವವರು ಗಮನಿಸಬೇಕು. ಹವಾನಿಯಂತ್ರಿತ ಕೋಣೆ ಕಟ್ಟದಿದ್ದರೆ ಈಗಿನ ಕುಟುಂಬಗಳು ಬರುವುದಿಲ್ಲ ಎಂದು ನಮ್ಮ ಸಮಿತಿಗಳಲ್ಲಿ ಪದೇ ಪದೇ ಹೇಳುವುದನ್ನು ಕೇಳಿದ್ದೇನೆ. ಕುಟುಂಬಗಳು ಬರುವುದು ಕಳೆದ ಬೇಸಿಗೆಯ ನೆರೆಯವರು ಈ ಬೇಸಿಗೆಯಲ್ಲೂ ಪಕ್ಕದಲ್ಲೇ ಇರುತ್ತಾರೆಂಬ ಭರವಸೆಗೆ. ಒಂದೇ ಡೇರೆ ಮರಳಿ ಸಿಗುವ ಪದ್ಧತಿ ಆ ಭರವಸೆಯನ್ನು ಕೊಡುತ್ತದೆ. ಅದರ ಬೆಲೆಯನ್ನು ತೆರುವವರು ಹೊರಗೆ ಕಾಯುವವರು.

ಗಾಳಿಯ ಲೆಕ್ಕ

ಊರಿನ ನಕಾಶೆಯಲ್ಲಿ ಒಂದು ಸೊಗಸಾದ ಲೆಕ್ಕವಿದೆ. ಸಮುದ್ರದ ಕಡೆಗೆ ಹೋದಂತೆ ಬೀದಿಗಳು ಮೊರದ ಬಾಯಿಯಂತೆ ಅಗಲವಾಗುತ್ತವೆ. ದಂಡೆಗೆ ಹತ್ತಿರವಿರುವ ಮನೆಗಳು ಬೀದಿಯಿಂದ ಹೆಚ್ಚು ಹಿಂದಕ್ಕೆ ಸರಿದು ನಿಂತಿವೆ, ದೂರದವು ಸ್ವಲ್ಪ ಸ್ವಲ್ಪವೇ ಮುಂದೆ. ಪರಿಣಾಮವಾಗಿ ಮುಂದಿನ ಮನೆ ಹಿಂದಿನ ಮನೆಯ ಕಡಲನ್ನು ಮರೆಮಾಡುವುದಿಲ್ಲ, ಗಾಳಿಯನ್ನೂ ತಡೆಯುವುದಿಲ್ಲ. ನೆಲವೆಲ್ಲ ಒಬ್ಬರದೇ ಆಗಿದ್ದರಿಂದ ಇದು ಸಾಧ್ಯವಾಯಿತು. ಬಿಡಿಬಿಡಿಯಾಗಿ ಮಾರಿದ ಬಡಾವಣೆಯಲ್ಲಿ ಸಮುದ್ರದ ಪಕ್ಕದ ನಿವೇಶನ ಹಿಡಿದವನಿಗೆ ಹತ್ತಡಿ ಹಿಂದೆ ಸರಿ ಎಂದು ಹೇಳಿ ನೋಡಿ!

ಬೀದಿಗಳಿಗೆ ಬೈಬಲ್ಲಿನ ಬೆಟ್ಟಗಳ ಹೆಸರು: ತಾಬೋರ್, ಹೆರ್ಮೋನ್, ಕರ್ಮೆಲ್, ಚೀಯೋನ್. ಬೆಟ್ಟವಿರಲಿ, ದಿಬ್ಬವೂ ಇಲ್ಲದ ಸಪಾಟು ಮರಳುನೆಲವದು. 1870ರಲ್ಲಿ ಕೊರೆದ ಮೊದಲ ಬಾವಿಗೆ ಅಬ್ರಹಾಮನ ಬಾವಿಯ ನೆನಪಿಗೆ ಬೇರ್ಷೆಬ ಎಂದು ಹೆಸರಿಟ್ಟರು. ಅದರ ಮೇಲಿನ ಚಿಕ್ಕ ಮಂಟಪ ಸಭಾಂಗಣದ ಹತ್ತಿರ ಈಗಲೂ ಇದೆ. 1877ರಲ್ಲಿ ಕಟ್ಟಿದ ಬಿಷಪ್ ಜೇನ್ಸ್ ಟ್ಯಾಬರ್ನಕಲ್ ಎಂಬ ಆರಾಧನಾ ಮಂದಿರ, ಮಕ್ಕಳಿಗಾಗಿ 1889ರ ಥಾರ್ನ್‌ಲಿ ಚಾಪೆಲ್, ಯುವಜನರಿಗೆ ಪ್ರತ್ಯೇಕ ಮಂದಿರ, ಹೀಗೆ ವಯಸ್ಸಿಗೊಂದು ಚಾವಣಿ. ಬೆಳಿಗ್ಗೆ ತಾಯಿತಂದೆ ಸತ್ಯವೇದದ ಪಾಠಕ್ಕೆ ಹೋದಾಗ ಮಕ್ಕಳು ತಮ್ಮ ಚಾಪೆಲ್‌ಗೆ. ಮಧ್ಯಾಹ್ನ ಎಲ್ಲರೂ ಸಮುದ್ರಕ್ಕೆ.

ಆದರೆ ಊರಿನ ಹೃದಯ 1894ರ ಸಭಾಂಗಣ. ಅದಕ್ಕೂ ಮೊದಲಿದ್ದ ತೆರೆದ ಚಪ್ಪರಗಳು ಜನಸಂದಣಿಗೆ ಸಾಲದೆ ಹೋದಾಗ, ಫ್ರೆಡ್ ಕ್ಯಾಂಪ್ ಎಂಬ ವಾಸ್ತುಶಿಲ್ಪಿಯ ನಕಾಶೆಯಂತೆ 92 ದಿನಗಳಲ್ಲಿ ಇದನ್ನು ಎಬ್ಬಿಸಿದರು. ಖರ್ಚು ಸುಮಾರು 70 ಸಾವಿರ ಡಾಲರ್. ಜುಲೈ 1ಕ್ಕೆ ಬಾಗಿಲು ತೆರೆಯಿತು. ಉದ್ದ 225 ಅಡಿ, ಅಗಲ 161 ಅಡಿ. ರೈಲು ಸೇತುವೆಗೆ ಹಾಕುವಂಥ ಕಬ್ಬಿಣದ ಕಮಾನುಗಳು ಒಂದು ಗೋಡೆಯಿಂದ ಇನ್ನೊಂದಕ್ಕೆ ಹಾದಿವೆ, ಉಳಿದದ್ದೆಲ್ಲ ಮರ. ಮೇಲೆ ನೋಡಿದರೆ ಮಗುಚಿ ಹಾಕಿದ ದೋಣಿಯ ಒಳಹೊಟ್ಟೆಯ ಹಾಗೆ ಬಾಗಿದ ಹಲಗೆಯ ಮಾಡು. ಒಣಗಿ ಗಟ್ಟಿಯಾದ ಆ ಮರಕ್ಕೆ ಪಿಟೀಲಿನ ಬುರುಡೆಯ ಗುಣ ಬಂದಿದೆ. ಧ್ವನಿವರ್ಧಕವಿಲ್ಲದ ಕಾಲದಲ್ಲಿ ಸಾವಿರಾರು ಜನರಿಗೆ ಬೋಧಕರ ಮಾತು ಕೇಳಿಸಬೇಕಿತ್ತು, ಕೇಳಿಸುತ್ತಿತ್ತು. ಪಕ್ಕದ ಗೋಡೆಗಳ ತುಂಬ ಕೊಟ್ಟಿಗೆ ಬಾಗಿಲಿನಂತೆ ಜಾರುವ ದೊಡ್ಡ ಬಾಗಿಲುಗಳು. ಅವನ್ನು ಸರಿಸಿದರೆ ಕಟ್ಟಡ ಮತ್ತೆ ಚಪ್ಪರವಾಗುತ್ತದೆ. ಕಡಲ ಗಾಳಿ ಒಳಗೆ ಬಂದು ಹೊರಗೆ ಹೋಗುತ್ತದೆ. ಹವಾನಿಯಂತ್ರಣ ಇಷ್ಟೇ.

ಇಂದು ಅಲ್ಲಿ ಸುಮಾರು 6,250 ಆಸನಗಳಿವೆ, ಮೊದಲು ಇನ್ನೂ ಹೆಚ್ಚಿದ್ದವು. 1908ರಲ್ಲಿ ರಾಬರ್ಟ್ ಹೋಪ್-ಜೋನ್ಸ್ ಕೂರಿಸಿದ ಆರ್ಗನ್ ವಾದ್ಯ ಬೆಳೆಯುತ್ತಾ ಬೆಳೆಯುತ್ತಾ ಹತ್ತು ಸಾವಿರಕ್ಕೂ ಮಿಕ್ಕಿದ ಕೊಳವೆಗಳ ದೈತ್ಯವಾಗಿದೆ. ವೇದಿಕೆಯ ಮೇಲೆ ಪರಿಶುದ್ಧತೆಯನ್ನು ಸಾರುವ ದೀಪಾಕ್ಷರಗಳು, ಜೊತೆಗೆ ಬಲ್ಬುಗಳು ಮಿನುಗಿ ಗಾಳಿಗೆ ಹಾರಾಡುವಂತೆ ತೋರುವ ವಿದ್ಯುತ್ ರಾಷ್ಟ್ರಧ್ವಜ. ಧ್ವಜದ ಆಟ ನನಗೆ ಸ್ವಲ್ಪ ಜಾತ್ರೆಯ ಸೀರಿಯಲ್ ಸೆಟ್ಟಿನಂತೆ ಕಾಣುತ್ತದೆ, ಆದರೆ ಅಲ್ಲಿನವರಿಗೆ ಅದು ಬಾಲ್ಯದ ನೆನಪು, ತೆಗೆಯುವ ಮಾತೇ ಇಲ್ಲ. ಅಧ್ಯಕ್ಷ ಮೆಕಿನ್ಲಿ, ಥಿಯೊಡೋರ್ ರೂಸ್‌ವೆಲ್ಟ್ ಇಲ್ಲಿ ಮಾತನಾಡಿದ್ದಾರೆ, ಎನ್ರಿಕೊ ಕರುಸೊ ಹಾಡಿದ್ದಾರೆ, ಸೌಸಾರ ಬ್ಯಾಂಡ್ ನುಡಿದಿದೆ. ಸಭಾಂಗಣದ ಎದುರು ಸ್ಟೋಕ್ಸ್ ಅವರ ಕಂಚಿನ ಪ್ರತಿಮೆ ನಿಂತಿದೆ, ಮುಖ ಸಮುದ್ರದ ಕಡೆಗೆ. ಅಲ್ಲಿಂದ ನೀರಿನವರೆಗೆ ಅಗಲವಾದ ಹುಲ್ಲುಹಾದಿ. ನಡುವೆ ಏನೂ ಕಟ್ಟಿಲ್ಲ. ಅಷ್ಟು ಬೆಲೆಬಾಳುವ ನೆಲವನ್ನು ಒಂದೂವರೆ ಶತಮಾನ ಖಾಲಿ ಬಿಟ್ಟಿರುವುದಕ್ಕೆ ಕಾರಣ ಮತ್ತದೇ: ಮಾರಲು ಯಾರ ಕೈಗೂ ಬಂದಿಲ್ಲ.

ಶನಿವಾರ ರಾತ್ರಿಯ ಸರಪಳಿ

ಇಲ್ಲಿಯವರೆಗಿನದು ಸಂಘ ಜಮೀನುದಾರನಾಗಿ ಮಾಡಿದ ಕೆಲಸ. ಅದು ಸರ್ಕಾರವೂ ಆಗಿತ್ತು ಎಂಬಲ್ಲಿಂದ ಕಥೆ ತಿರುಗುತ್ತದೆ.

ಶನಿವಾರ ನಡುರಾತ್ರಿ ಊರಿನ ದ್ವಾರಗಳಿಗೆ ಅಡ್ಡಲಾಗಿ ಸರಪಳಿ ಬೀಳುತ್ತಿತ್ತು. ಭಾನುವಾರ ನಡುರಾತ್ರಿಯವರೆಗೆ ಬೀದಿಯಲ್ಲಿ ಕುದುರೆಗಾಡಿ ಇಲ್ಲ, ಮುಂದೆ ಕಾರು ಬಂದ ಮೇಲೆ ಕಾರೂ ಇಲ್ಲ. ಓಡಿಸುವುದಷ್ಟೇ ಅಲ್ಲ, ಬೀದಿಯಲ್ಲಿ ನಿಲ್ಲಿಸುವುದೂ ನಿಷಿದ್ಧ. ಹಾಗಾಗಿ ಶನಿವಾರ ಸಂಜೆಯಾಗುತ್ತಲೇ ಜನ ತಮ್ಮ ಕಾರುಗಳನ್ನು ಊರ ಹೊರಗೆ ನಿಲ್ಲಿಸಿ ನಡೆದು ಬರುತ್ತಿದ್ದರು. ಸಮುದ್ರಸ್ನಾನ ಇಲ್ಲ, ಸೈಕಲ್ ಇಲ್ಲ, ತಂತಿಯ ಮೇಲೆ ಬಟ್ಟೆ ಒಣಹಾಕುವಂತಿಲ್ಲ. ರೈಲು ಬಂದದ್ದು 1875ರಲ್ಲಿ. ಭಾನುವಾರದ ರೈಲು ಆ ನಿಲ್ದಾಣದಲ್ಲಿ ನಿಲ್ಲತೊಡಗಿದ್ದು 1911ರಲ್ಲಿ. ಇದನ್ನೆಲ್ಲ ಕೇಳಿ ನಗುವುದು ಸುಲಭ. ಆದರೆ ವಾರಕ್ಕೊಂದು ದಿನ ಒಂದೂ ಗಾಡಿ ಓಡದ ಬೀದಿಯಲ್ಲಿ ಮಕ್ಕಳು ನಡುದಾರಿಯಲ್ಲೇ ಆಡಿಕೊಂಡಿರುವುದನ್ನು, ಬರಿಗಾಲಿನಲ್ಲಿ ಹೆಜ್ಜೆ ಸಪ್ಪಳ ಕೇಳುವಷ್ಟು ನಿಶ್ಶಬ್ದವನ್ನು ಒಮ್ಮೆ ಕಲ್ಪಿಸಿಕೊಳ್ಳಿ. ಬೆಂಗಳೂರಿನಲ್ಲಿ ಕುಳಿತು ಬರೆಯುವ ನನಗೆ ಸ್ವಲ್ಪ ಹೊಟ್ಟೆಕಿಚ್ಚೇ ಆಗುತ್ತದೆ.

ಆ ನಿಶ್ಶಬ್ದವನ್ನು ಕಾಯುತ್ತಿದ್ದವರು ಯಾರು ಎನ್ನುವುದು ಪ್ರಶ್ನೆ. ನಿಯಮ ಮಾಡುತ್ತಿದ್ದವರು ಚುನಾವಣೆಗೆ ನಿಲ್ಲದ ಟ್ರಸ್ಟಿಗಳು, ಎಲ್ಲರೂ ಒಂದೇ ಪಂಗಡದವರು. ಅದನ್ನು ಜಾರಿಗೆ ತರುತ್ತಿದ್ದದ್ದು ಸಂಘದ ಪೊಲೀಸು, ದಂಡ ವಿಧಿಸುತ್ತಿದ್ದದ್ದು ಸಂಘದ ನ್ಯಾಯಾಲಯ. ಊರಿನಲ್ಲೇ ಕೆಲವರಿಗೆ ಇದು ಸರಿ ಕಂಡಿರಲಿಲ್ಲ. 1920ರಲ್ಲಿ ಓಷನ್ ಗ್ರೋವ್ ಅನ್ನು ಸ್ವತಂತ್ರ ಪಟ್ಟಣವನ್ನಾಗಿ ಮಾಡುವ ಕಾನೂನು ಬಂತು, ಮರುವರ್ಷವೇ ನ್ಯಾಯಾಲಯದಲ್ಲಿ ಬಿದ್ದುಹೋಯಿತು, ಹಳೆಯ ಆಡಳಿತವೇ ಮರಳಿತು. ಆಮೇಲೆ ಅರ್ಧ ಶತಮಾನ ಏನೂ ಆಗಲಿಲ್ಲ.

ಮೊದಲ ಪೆಟ್ಟು ಪತ್ರಿಕೆಯಿಂದ ಬಂತು. ಭಾನುವಾರ ಗಾಡಿ ಓಡುವಂತಿಲ್ಲವಾದ್ದರಿಂದ ಭಾನುವಾರದ ಪತ್ರಿಕೆ ಊರೊಳಗೆ ಬರುವಂತಿರಲಿಲ್ಲ. ಪತ್ರಿಕೆ ಹಂಚುವವರು ನ್ಯಾಯಾಲಯಕ್ಕೆ ಹೋದರು. 1977ರಲ್ಲಿ ರಾಜ್ಯದ ಸುಪ್ರೀಂ ಕೋರ್ಟು ಅವರ ಪರವಾಗಿ ತೀರ್ಪಿತ್ತಿತು. ಎರಡನೆಯ ಪೆಟ್ಟು ಬಂದ ದಾರಿ ಇನ್ನೂ ವಿಚಿತ್ರ. ಕುಡಿದು ಗಾಡಿ ಓಡಿಸಿದನೆಂದು ಊರಿನ ಪೊಲೀಸರು ಒಬ್ಬನನ್ನು ಹಿಡಿದರು. ತನ್ನನ್ನು ವಿಚಾರಿಸಲು ಈ ನ್ಯಾಯಾಲಯಕ್ಕೆ ಅಧಿಕಾರವೇ ಇಲ್ಲ ಎಂದು ಅವನು ವಾದ ಹೂಡಿದ. 'ಸ್ಟೇಟ್ ವರ್ಸಸ್ ಸೆಲ್ಮರ್' ಎಂದು ಹೆಸರಾದ ಆ ಮೊಕದ್ದಮೆಯಲ್ಲಿ 1979ರ ಜೂನ್‌ನಲ್ಲಿ ಸುಪ್ರೀಂ ಕೋರ್ಟು ಹೇಳಿತು: ಸಂಘ ನೆಲ ಇಟ್ಟುಕೊಳ್ಳಲಿ, ಆರಾಧನೆ ನಡೆಸಲಿ; ಆದರೆ ಧಾರ್ಮಿಕ ಸಂಸ್ಥೆಯೊಂದರ ಕೈಗೆ ಕಾನೂನು ಮಾಡುವ, ಪೊಲೀಸು ಮತ್ತು ನ್ಯಾಯಾಲಯ ನಡೆಸುವ ಅಧಿಕಾರವನ್ನು ರಾಜ್ಯ ಕೊಡುವಂತಿಲ್ಲ. ಮದ್ಯದ ಹನಿ ಮಾರದ ಊರಿನ ನೂರು ವರ್ಷದ ಆಡಳಿತ ಕುಡಿತದ ಮೊಕದ್ದಮೆಯಲ್ಲಿ ಕೊನೆಗೊಂಡಿತು. ಪೊಲೀಸು, ನ್ಯಾಯಾಲಯ ನೆಪ್ಚೂನ್ ಟೌನ್‌ಶಿಪ್ ಎಂಬ ಸ್ಥಳೀಯ ಸಂಸ್ಥೆಗೆ ಹೋದವು. ಸರಪಳಿ ಇಳಿಯಿತು, ಭಾನುವಾರ ಕಾರು ಬಂತು.

ನನ್ನ ಎಣಿಕೆಯಲ್ಲಿ ತೀರ್ಪು ಸರಿಯಾಗಿತ್ತು, ಸಂಘಕ್ಕೆ ಒಳಿತನ್ನೂ ಮಾಡಿತು. ಮೂರು ದಿನದ ಶಿಬಿರದಲ್ಲಿ ರಾತ್ರಿ ಹತ್ತಕ್ಕೆ ದೀಪ ಆರಿಸಿ ಎಂದರೆ ಎಲ್ಲರೂ ಕೇಳುತ್ತಾರೆ, ಯಾಕೆಂದರೆ ಕೇಳಲು ಒಪ್ಪಿಯೇ ಬಂದಿದ್ದಾರೆ. ಊರಿನಲ್ಲಿ ಹಾಗಲ್ಲ. ಅಲ್ಲಿ ಹುಟ್ಟಿದವರಿದ್ದಾರೆ, ಮದುವೆಯಾಗಿ ಬಂದವರಿದ್ದಾರೆ, ಅಗ್ಗವೆಂದು ಮನೆ ಕೊಂಡವರಿದ್ದಾರೆ. ಅವರು ಯಾರಿಗೂ ಒಪ್ಪಿಗೆ ಬರೆದುಕೊಟ್ಟಿಲ್ಲ. ಟ್ರಸ್ಟಿಗಳು ಗುತ್ತಿಗೆಪತ್ರವನ್ನೇ ಒಪ್ಪಿಗೆಪತ್ರವೆಂದು ಓದಿಕೊಂಡರು.

ಹೊಸ ನೆರೆಯವರು

ಆಡಳಿತ ಕೈತಪ್ಪುವ ಹೊತ್ತಿಗೆ ಊರೂ ಸೊರಗಿತ್ತು. ಜನ ಬೇಸಿಗೆಗೆ ಬೇರೆಡೆ ಹಾರತೊಡಗಿದ್ದರು. 1970, 80ರ ದಶಕಗಳಲ್ಲಿ ದೊಡ್ಡ ಹಳೆಯ ಹೋಟೆಲುಗಳು ಮಾನಸಿಕ ಆಸ್ಪತ್ರೆಗಳಿಂದ ಹೊರಬಂದ ರೋಗಿಗಳ ವಸತಿಗೃಹಗಳಾದವು, ಬಣ್ಣ ಉದುರಿತು. 1976ರಲ್ಲೇ ಊರು ರಾಷ್ಟ್ರೀಯ ಐತಿಹಾಸಿಕ ತಾಣಗಳ ಪಟ್ಟಿಗೆ ಸೇರಿತ್ತು, ಹಾಗಾಗಿ ಮರಗೆತ್ತನೆಯ ವಿಕ್ಟೋರಿಯನ್ ಮನೆಗಳು ಕೆಡವುವವರ ಕೈಗೆ ಸಿಗದೆ ಉಳಿದವು. 1990ರ ದಶಕದಿಂದ ಆ ಮನೆಗಳನ್ನು ಕೊಂಡು ರಿಪೇರಿ ಮಾಡಿ ಬಣ್ಣ ಬಳಿದವರಲ್ಲಿ ಸಲಿಂಗಿ ಜೋಡಿಗಳು ಬಹಳ ಮಂದಿ. ಊರು ಮತ್ತೆ ಎದ್ದದ್ದರಲ್ಲಿ ಅವರ ಪಾಲು ದೊಡ್ಡದು.

2007ರಲ್ಲಿ ಅಂಥ ಜೋಡಿಗಳು ಸಮುದ್ರದಂಡೆಯ ಹಲಗೆಹಾದಿಯ ಮೇಲಿನ ಮಂಟಪದಲ್ಲಿ ತಮ್ಮ ಕಾನೂನುಬದ್ಧ ಸಹಜೀವನದ (ಸಿವಿಲ್ ಯೂನಿಯನ್) ವಿಧಿಗೆ ಜಾಗ ಕೇಳಿದರು. ಸಂಘ ನಿರಾಕರಿಸಿತು: ಅದು ನಮ್ಮ ಆರಾಧನೆಯ ಜಾಗ, ನಮ್ಮ ನಂಬಿಕೆಗೆ ಇದು ಒಪ್ಪುವುದಿಲ್ಲ. ವಾದ ಕೇಳಿದರೆ ನ್ಯಾಯವೆನಿಸಬಹುದು. ತೊಡಕಿದ್ದದ್ದು ಬೇರೆ ಕಡೆ. ಆ ಮಂಟಪವಿದ್ದ ಜಾಗವನ್ನು ಸಾರ್ವಜನಿಕರಿಗೆ ತೆರೆದಿಡುತ್ತೇವೆ ಎಂದು ಹೇಳಿಯೇ ಸಂಘ ರಾಜ್ಯದಿಂದ ತೆರಿಗೆ ವಿನಾಯಿತಿ ಪಡೆದಿತ್ತು, ಬೇರೆಯವರ ಮದುವೆಗಳಿಗೆ ಬಾಡಿಗೆಗೂ ಕೊಟ್ಟಿತ್ತು. ಮಂಟಪದ ವಿನಾಯಿತಿ ಹೋಯಿತು. ಸಂಘ ತಾರತಮ್ಯ ಮಾಡಿದೆ ಎಂದು 2012ರಲ್ಲಿ ತೀರ್ಮಾನವಾಯಿತು. ಕಲ್ಯಾಣಮಂಟಪ ನಡೆಸುವ ನಮ್ಮ ಟ್ರಸ್ಟುಗಳು ಈ ಭಾಗವನ್ನು ಎರಡು ಸಲ ಓದುವುದು ಒಳ್ಳೆಯದು. ಗರ್ಭಗುಡಿಗೆ ಒಂದು ಕಾನೂನು, ಬಾಡಿಗೆಯ ರಸೀದಿ ಹರಿದುಕೊಡುವ ಹಜಾರಕ್ಕೆ ಇನ್ನೊಂದು.

ಅದೇ 2012ರ ಅಕ್ಟೋಬರ್ 29ರ ರಾತ್ರಿ ಸ್ಯಾಂಡಿ ಚಂಡಮಾರುತ ದಂಡೆಗೆ ಅಪ್ಪಳಿಸಿತು. ಹಲಗೆಹಾದಿ ಕಿತ್ತುಹೋಯಿತು, ಸಮುದ್ರಕ್ಕೆ ಚಾಚಿದ್ದ ಕಟ್ಟೆ ಮುರಿಯಿತು, ದೊಡ್ಡ ಸಭಾಂಗಣದ ಮಾಡಿನ ಒಂದು ಭಾಗ ಹಾರಿತು. ಹಲಗೆಹಾದಿ ರಿಪೇರಿಗೆ ಕೇಂದ್ರ ಸರ್ಕಾರದ ನೆರವು ಕೇಳಿದಾಗ, ಇದು ಖಾಸಗಿ ಸಂಘದ ಮನರಂಜನೆಯ ಜಾಗವೆಂದು ಎರಡು ಬಾರಿ ತಿರಸ್ಕೃತವಾಗಿ ಕೊನೆಗೆ 2014ರಲ್ಲಿ ಮಂಜೂರಾಯಿತು. ನೆಲ ತನ್ನದೇ ಎಂದು ಶತಮಾನಗಟ್ಟಲೆ ಹೇಳಿಕೊಂಡು ಬಂದವರು ಆಗ, ಇದು ಊರಿನ ರಸ್ತೆಯೂ ಹೌದು ಎಂದು ವಾದಿಸಬೇಕಾಯಿತು. ಸಮುದ್ರದ ಕಟ್ಟೆಯನ್ನು ಮತ್ತೆ ಕಟ್ಟಿ 2023ರಲ್ಲಿ ತೆರೆದಾಗ ಅದರ ಆಕಾರ ಶಿಲುಬೆಯದು, ಅದಕ್ಕೂ ಒಂದು ರಗಳೆ. ಭಾನುವಾರ ಬೆಳಿಗ್ಗೆ 9ರಿಂದ 12ರವರೆಗೆ ಸಮುದ್ರದಂಡೆಗೆ ಇಳಿಯುವ ದಾರಿಗೆ ಬೀಗ ಹಾಕುವ ಪದ್ಧತಿ ಮಾತ್ರ ಹಳೆಯ ಸರಪಳಿಯ ಕೊನೆಯ ಕೊಂಡಿಯಾಗಿ ಉಳಿದಿತ್ತು. ದಂಡೆ ಎಲ್ಲರದು, ಬೀಗ ತೆಗೆಯಿರಿ ಎಂದು ರಾಜ್ಯದ ಪರಿಸರ ಇಲಾಖೆ 2023ರಲ್ಲಿ ಆದೇಶಿಸಿತು. 2024ರ ಬೇಸಿಗೆಯಲ್ಲಿ ಸಂಘ ಒಲ್ಲದ ಮನಸ್ಸಿನಿಂದ ತೆರೆಯಿತು.

ಇಷ್ಟೆಲ್ಲ ಮೊಕದ್ದಮೆಗಳ ನಡುವೆಯೂ ಡೇರೆಗಳ ಬದುಕು ಹಳೆಯ ಹಾದಿಯಲ್ಲೇ ಸಾಗಿದೆ. ಪ್ರತಿ ಆಗಸ್ಟ್ ಕೊನೆಗೆ ಹಳೆಯ ಕ್ರಮದಂತೆ ಶಿಬಿರದ ವಾರ ನಡೆಯುತ್ತದೆ, ಬೆಳಿಗ್ಗೆ ಸಂಜೆ ಕೂಟ, ಕೊನೆಯ ಸಂಜೆ ಎಲ್ಲರೂ ಸಭಾಂಗಣದಿಂದ ಸಾಲಾಗಿ ನಡೆದು ಹೊರಬರುತ್ತಾರೆ. ಆಮೇಲೆ ಎರಡು ವಾರ. ಸೆಪ್ಟೆಂಬರ್ ಮಧ್ಯಕ್ಕೆ ಹೂವಿನ ಕುಂಡಗಳು ಕಾರಿನ ಡಿಕ್ಕಿ ಸೇರುತ್ತವೆ. ಇಬ್ಬರು ಹಗ್ಗ ಸಡಿಲಿಸಿ, ಒಣಗಿದೆಯೇ ಎಂದು ಕೈಯಾಡಿಸಿ ನೋಡಿ, ಕ್ಯಾನ್ವಾಸನ್ನು ನಾಲ್ಕು ಮಡಿಕೆ ಮಾಡುತ್ತಾರೆ. ಒದ್ದೆಯಿದ್ದರೆ ಮೇ ತಿಂಗಳಿಗೆ ಬೂಷ್ಟು ಹಿಡಿದಿರುತ್ತದೆ. ತೂಗುಕುರ್ಚಿಯನ್ನು ಕೊನೆಗೆ, ಮಗುಚಿ, ಎಲ್ಲದರ ಮೇಲೆ ಇಡುತ್ತಾರೆ. ನೀರಿನ ನಲ್ಲಿ ಬಂದ್ ಮಾಡಿ ಗೂಡಿನ ಬಾಗಿಲಿಗೆ ಬೀಗ ಹಾಕುತ್ತಾರೆ.